ಕ್ಲಚ್ ಲಿವರಿನ ತೂಕ

೨೦೨೪ರ ಫೆಬ್ರವರಿ ೧೯, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ಗಾಳಿಬೀಡಿನ ಕುಶಾಲಪ್ಪ ತನ್ನ ಮನೆಯ ಗೇಟಿನ ಹತ್ತಿರ ನಿಂತು, ಕೊರಿಯರ್‌ನವನು ಚಾಚಿದ ಮೊಬೈಲಿನ ಗಾಜಿನ ಮೇಲೆ ತೋರುಬೆರಳಿನಿಂದ ಸಹಿ ಹಾಕಿದ. ಬೆರಳಿಗೆ ಹಸಿ ಕಾಳುಮೆಣಸಿನ ರಸ ಹತ್ತಿದ್ದರಿಂದ ಗೆರೆ ಸರಿಯಾಗಿ ಮೂಡಲಿಲ್ಲ. ಎರಡನೇ ಸಲ ಹಾಕುತ್ತಿರುವಾಗ ತೋಟದ ಕಡೆಯಿಂದ ಏನೋ ಬಿದ್ದ ಸದ್ದಾಯಿತು, ತುಂಬಿದ ಗೋಣಿಚೀಲವನ್ನು ನೆಲಕ್ಕೆ ಎತ್ತಿಹಾಕಿದ ಹಾಗೆ. ಅವನು ಚೀಲವೇ ಇರಬೇಕೆಂದುಕೊಂಡ. ಕೊರಿಯರ್‌ನವನು ಒಂದು ಸಣ್ಣ ಪೆಟ್ಟಿಗೆಯನ್ನು ಅವನ ಕೈಗಿತ್ತು ಸ್ಕೂಟರ್ ತಿರುಗಿಸಿದ. ಆಗ ಕೊಯ್ಲಿನ ಆಳು ಸುಬ್ಬ ಕೂಗಿಕೊಂಡದ್ದು ಕೇಳಿತು.

ಬಿದ್ದದ್ದು ಕುಶಾಲಪ್ಪನ ಒಬ್ಬನೇ ಮಗ ಉದಯ. ಸಿಲ್ವರ್ ಓಕ್ ಮರದ ಬುಡದಲ್ಲಿ, ಕಾಫಿ ಗಿಡಗಳ ನಡುವೆ ಅವನು ಮಗ್ಗುಲಾಗಿ ಮಲಗಿದ್ದ. ಎಡಗೈ ಮೊಣಕೈಯಿಂದ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು.

ಆ ಕಡೆ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯಲು ಒಂಟಿ ಬಿದಿರಿನ ಏಣಿ ಬಳಸುತ್ತಾರೆ. ಒಂದೇ ಗಳ, ಗೆಣ್ಣಿನ ಹತ್ತಿರ ಬಿಟ್ಟ ಗೇಣುದ್ದದ ಕವಲುಗಳೇ ಮೆಟ್ಟಿಲು. ಎರಡು ಕಾಲಿಲ್ಲದ್ದರಿಂದ ಅದು ಮರದ ಮೈಮೇಲೆ ಹೊರಳುತ್ತದೆ. ಕೆಳಗೊಬ್ಬ ಹಿಡಿದಿರಲೇಬೇಕು. ಮೇಲಿನವನು ಕಾಲು ಬದಲಿಸುವ ಮೊದಲು ‘ಉಟ್ಟಾ?’ ಎಂದು ಕೇಳುತ್ತಾನೆ, ಹಿಡಿತ ಉಂಟಾ ಅಂತ. ಕೆಳಗಿನವನು ‘ಉಟ್ಟು’ ಅನ್ನಬೇಕು. ಮೇಲಿನವನಿಗೆ ಎಲೆಯ ಮರೆಯಲ್ಲಿ ಕೆಳಗೇನೂ ಕಾಣುವುದಿಲ್ಲ. ಆ ಒಂದು ಮಾತೇ ಆಧಾರ.

ಏಣಿಯಿಂದ ಗೇಟಿಗೆ ಅರವತ್ತೆಂಟು ಹೆಜ್ಜೆ. ಕುಶಾಲಪ್ಪ ಆಮೇಲೆ ಅದನ್ನು ಎಷ್ಟೋ ಸಲ ಎಣಿಸಿದ. ಕೊರಿಯರ್‌ನವನ ಹಾರನ್ ಕೇಳಿ ಏಣಿ ಬಿಟ್ಟು ಹೊರಟವನು ಇಪ್ಪತ್ತನೇ ಹೆಜ್ಜೆಯ ಹತ್ತಿರ ಇರುವಾಗ ಮೇಲಿನಿಂದ ಮಗನ ದನಿ ಬಂದಿತ್ತು. ಅವನು ನಡೆಯುತ್ತಲೇ ‘ಉಟ್ಟು’ ಎಂದಿದ್ದ. ಆ ಮಾತನ್ನು ನೆಚ್ಚಿ ಉದಯ ಇನ್ನೊಂದು ಗೆಣ್ಣು ಹತ್ತಿ, ದೂರದ ಗೊಂಚಲಿಗೆ ಮೈ ಬಾಗಿಸಿದ್ದ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಕುಶಾಲಪ್ಪ ಹೇಳಿದ್ದು ಒಂದೇ: ಬುಡದ ಮಣ್ಣು ಜರಿಯಿತು, ಏಣಿ ಕೈತಪ್ಪಿತು. ಬೀಳುವ ಹೊತ್ತಿಗೆ ಪಕ್ಕದ ಮರದಲ್ಲಿದ್ದ ಸುಬ್ಬ ಅದನ್ನು ಕೇಳಿಸಿಕೊಂಡರೂ ತಿದ್ದಲಿಲ್ಲ. ಸಂಜೆ ಮನೆಗೆ ಬಂದವನೇ ಕುಶಾಲಪ್ಪ, ಗೇಟಿನ ಕಂಬದ ಹಿಂದೆ ಬಿಟ್ಟಿದ್ದ ಪೆಟ್ಟಿಗೆಯನ್ನು ತಂದು ಅಡುಗೆಮನೆಯ ಅಟ್ಟದಲ್ಲಿ, ಹಳೆ ಗೋಣಿಗಳ ಅಡಿಯಲ್ಲಿ ಇಟ್ಟ. ಅದರ ಮೇಲೆ ಇಟಲಿಯ ವಿಳಾಸದ ಚೀಟಿ ಇತ್ತು.

*

ಪೆಟ್ಟಿಗೆ ಬಂದದ್ದು ಉದಯನ ಬೈಕಿಗೆ. ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ರಿಪೇರಿ ಮಾಡುವುದು ಅವನ ಕೆಲಸ. ಐದು ವರ್ಷದ ಹಿಂದೆ ಯಾರೋ ಪ್ರವಾಸಿ ತನ್ನ ಡುಕಾಟಿಯನ್ನು ತಿರುವಿನಲ್ಲಿ ರಸ್ತೆ ಬದಿಯ ಮಣ್ಣಿನ ಬರೆಗೆ ಗುದ್ದಿ, ಹೋಂಸ್ಟೇಯ ಶೆಡ್ಡಿನಲ್ಲೇ ಬಿಟ್ಟು ಹೋಗಿದ್ದ. ಹೋಂಸ್ಟೇಯವರ ಎರಡು ಜೀಪುಗಳನ್ನು ಒಂದು ಸೀಸನ್ ಪೂರ್ತಿ ಪುಕ್ಕಟೆ ನೋಡಿಕೊಂಡು, ಉದಯ ಅದನ್ನು ಕಾಗದಪತ್ರ ಸಮೇತ ಮನೆಗೆ ತಂದ. ತಂದದ್ದು ಪಿಕಪ್ಪಿನಲ್ಲಿ, ಬಿಡಿಬಿಡಿಯಾಗಿ. ತಾಯಿ ಪೊನ್ನಮ್ಮ ಅದಕ್ಕೆ ‘ಇಟಲಿ’ ಎಂದು ಹೆಸರಿಟ್ಟಳು. ಇಟಲಿಯ ಸೀಟಿನ ಮೇಲೆ ಕೋಳಿ ಕೂತಿದೆ, ಓಡಿಸು ಅನ್ನುತ್ತಿದ್ದಳು. ಸೊಸೆ ದೀಕ್ಷಿತಾ ಮಡಿಕೇರಿಯ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಮದುವೆಯಾಗಿ ಬಂದ ಮೊದಲ ವಾರವೇ ಅವಳು, ಇವರಿಗೆ ನನಗಿಂತ ಮೊದಲು ಮನೆ ತುಂಬಿಸಿಕೊಂಡವಳೊಬ್ಬಳಿದ್ದಾಳೆ ಎಂದು ಅತ್ತೆಗೆ ಹೇಳಿ ನಗಿಸಿದ್ದಳು.

ಕಟ್ಟಲು ನಾಲ್ಕು ವರ್ಷ ಹಿಡಿಯಿತು. ಇದ್ದದ್ದನ್ನು ಇದ್ದ ಹಾಗೆ ಕಟ್ಟುವವನಲ್ಲ ಉದಯ. ಗಾಳಿಬೀಡಿನ ತಿರುವುಗಳಿಗೆ ಹೊಂದಲೆಂದು ಮುಂದಿನ ಚೈನ್ ಚಕ್ರದಲ್ಲಿ ಹದಿನೈದು ಹಲ್ಲಿನದನ್ನು ತೆಗೆದು ಹದಿನಾಲ್ಕರದನ್ನು ಹಾಕಿದ. ಹ್ಯಾಂಡಲ್ಲನ್ನು ಎರಡು ಇಂಚು ಎತ್ತರಿಸಿದ. ಕ್ಲಚ್ಚಿನ ಮುಚ್ಚಳವನ್ನು ಅರೆವೃತ್ತವಾಗಿ ಕೊರೆದು ಒಳಗಿನ ಬಿಲ್ಲೆಗಳು ತಿರುಗುವುದು ಕಾಣುವಂತೆ ಮಾಡಿದ. ಆ ಬೈಕಿನ ಕ್ಲಚ್ಚಿಗೆ ಎಣ್ಣೆಯ ಸ್ನಾನವಿಲ್ಲ. ಒಣಗಿದಂತೆಯೇ ಓಡುವ ಅದು ನಿಂತಲ್ಲಿ ಗಲಗಲ ಸದ್ದು ಮಾಡುತ್ತದೆ. ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಕುಣಿದ ಹಾಗೆ ಎಂದು ಪೊನ್ನಮ್ಮ ಹೇಳಿದ್ದಳು. ಉದಯನಿಗೆ ಆ ಸದ್ದು ಎಷ್ಟು ಕೇಳಿದರೂ ಸಾಲದು.

ಕುಶಾಲಪ್ಪ ಮೊದಮೊದಲು ಶೆಡ್ಡಿನ ಕಡೆ ತಲೆ ಹಾಕುತ್ತಿರಲಿಲ್ಲ. ಅವನು ಮಡಿಕೇರಿಯ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಲ್ಯಾಬ್ ಅಟೆಂಡರ್ ಆಗಿದ್ದವನು. ತಕ್ಕಡಿ, ಮಸೂರ, ಲೋಲಕಗಳನ್ನು ಒರೆಸಿ ಇಟ್ಟೇ ಆಯುಷ್ಯ ಸವೆಸಿದವನು. ಒಂದು ಭಾನುವಾರ ಉದಯ ಎಂಜಿನ್ನಿನ ತಲೆ ಬಿಚ್ಚಿ, ಇದರಲ್ಲಿ ವಾಲ್ವು ಮುಚ್ಚುವುದಕ್ಕೂ ಸ್ಪ್ರಿಂಗನ್ನು ನೆಚ್ಚುವುದಿಲ್ಲ, ತೆರೆಯಲು ಒಂದು ಸನ್ನೆಕೋಲು, ಮುಚ್ಚಲು ಇನ್ನೊಂದು ಸನ್ನೆಕೋಲು ಎಂದು ತೋರಿಸಿದ. ಕುಶಾಲಪ್ಪ ಕನ್ನಡಕ ತರಿಸಿಕೊಂಡು ಕೂತ. ವಾಲ್ವಿನ ಸಂದಿಯ ಅಳತೆಗೆ ತೆಳು ತಗಡಿನ ಅಲಗುಗಳನ್ನು ತೂರಿಸಿ ನೋಡುವ ಕೆಲಸ ಅಂದಿನಿಂದ ಅವನದಾಯಿತು. ಮಗನ ಕೈಗಿಂತ ಅವನ ಕೈ ಹದವಾಗಿತ್ತು. ಬೈಕು ಮೊದಲ ಸಲ ಉಸಿರಾಡಿದ ದಿನ ಉದಯ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ನೆತ್ತಿಯವರೆಗೆ ಹೋಗಿಬಂದ. ಹನ್ನೊಂದು ತಿರುವು. ಪ್ರತಿ ತಿರುವಿನಲ್ಲೂ ನೆಲ ಮೊಣಕಾಲಿನ ಹತ್ತಿರ ಬಂದು ಹೋಗುತ್ತಿತ್ತು. ಕುಶಾಲಪ್ಪ ಮನೆಗೆ ಬಂದು, ಅಂಗಡಿಗೆ ಹೋಗಿದ್ದೆ ಎಂದು ಹೆಂಡತಿಗೆ ಹೇಳಿದ್ದ. ಗಾಳಿಗೆ ಅವನ ಕಣ್ಣು ಕೆಂಪಾಗಿತ್ತು.

*

ಮಂಗಳೂರಿನಲ್ಲಿ ಮೊಣಕೈಗೆ ಪ್ಲೇಟು ಹಾಕಿ ಹೊಲಿದರು. ನರ ತುಂಡಾಗಿಲ್ಲ, ಜಜ್ಜಿದೆ ಎಂದರು ಡಾಕ್ಟರು. ಜಜ್ಜಿದ ಜಾಗದಿಂದ ಅದು ಬೆರಳಿನ ಕಡೆಗೆ ಮತ್ತೆ ಬೆಳೆಯಬೇಕು. ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಮುಂದೋಳಿನ ಸ್ನಾಯುಗಳಿಗೆ ಮೊದಲು ಬಲ ಬರಬಹುದು, ಬೆರಳಿಗೆ ಸ್ಪರ್ಶ ಬರುವುದು ಕೊನೆಗೆ. ಮನೆಗೆ ಬಂದ ದಿನ ಕುಶಾಲಪ್ಪ ಟೇಪು ತಂದು ತನ್ನದೇ ಕೈಯನ್ನು ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ ಅಳೆದ. ನಲವತ್ನಾಲ್ಕು ಸೆಂಟಿಮೀಟರ್. ನಾನೂರ ನಲವತ್ತು ದಿನ.

ಮಾರ್ಚ್ ಪೂರ್ತಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಜಗಳವಿರಲಿಲ್ಲ, ಜಗಳಕ್ಕೆ ಬೇಕಾದ ಬಿಸಿಯೇ ಇರಲಿಲ್ಲ. ಪೊನ್ನಮ್ಮ ಬೆಳಿಗ್ಗೆ ರೊಟ್ಟಿ ತಟ್ಟಿದಳು, ದೀಕ್ಷಿತಾ ಗಂಡನ ತಟ್ಟೆಯಲ್ಲಿ ಅದನ್ನು ಚೂರು ಮಾಡಿಟ್ಟು ಎಂಟೂವರೆಯ ಬಸ್ಸಿಗೆ ಓಡಿದಳು. ಉದಯ ಬಲಗೈಯಲ್ಲಿ ತಿಂದ. ಎಡಗೈ ತಟ್ಟೆಯ ಪಕ್ಕದಲ್ಲಿ ಇಟ್ಟಲ್ಲೇ ಇರುತ್ತಿತ್ತು, ಯಾರೋ ಮರೆತುಹೋದ ಸಾಮಾನಿನ ಹಾಗೆ. ಹೂಮಳೆ ಸರಿಯಾದ ಹೊತ್ತಿಗೆ ಬಿತ್ತು. ಕುಶಾಲಪ್ಪ ವಾಡಿಕೆಯಂತೆ ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದ: ಒಂದು ಇಂಚು ಹತ್ತು ಸೆಂಟ್. ತೋಟವೆಲ್ಲ ಬೆಳ್ಳಗೆ ಹೂವಾಯಿತು. ಹೂವಾಗಿದೆ ಎಂದು ಯಾರೂ ಯಾರನ್ನೂ ಕರೆದು ತೋರಿಸಲಿಲ್ಲ.

ಏಪ್ರಿಲ್ ಮೊದಲ ವಾರ ಕುಶಾಲನಗರದಿಂದ ಲೋಹಿತ್ ಎಂಬವನು ಬಂದ. ಹಳೆಯ ದೊಡ್ಡ ಬೈಕುಗಳನ್ನು ಕೊಂಡು ಮಾರುವವನು. ಶೆಡ್ಡಿನ ಟಾರ್ಪಾಲು ಸರಿಸಿ, ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ.

“ಮುಚ್ಚಳ ಕೊರೆದವರು ಯಾರು?” ಎಂದು ಕೇಳಿದ.

“ನಾನೇ,” ಎಂದ ಉದಯ.

“ಚೆಂದ ಉಂಟು ಮಾರಾಯ್ರೇ. ನಿಮ್ಮ ತಂದೆ ಫೋನ್ ಮಾಡಿದಾಗ ಯಾವುದೋ ಗುಜರಿ ಅಂತ ತಿಳ್ಕೊಂಡಿದ್ದೆ.”

ಉದಯ ಅಪ್ಪನ ಮುಖ ನೋಡಿದ. ಕುಶಾಲಪ್ಪ ಟಾರ್ಪಾಲಿನ ಹಗ್ಗದ ಗಂಟು ಬಿಚ್ಚುತ್ತಲೇ ಇದ್ದ. ಗಂಟು ಆಗಲೇ ಬಿಚ್ಚಿತ್ತು.

ಲೋಹಿತ್ ಕಾಫಿ ಕುಡಿದು ಹೋದ ಮೇಲೆ ಉದಯ ಕೇಳಿದ್ದು ಇಷ್ಟೇ: “ನನ್ನ ಕೇಳದೆ ಕರ್ಸಿದ್ದು ಎಂತಕ್ಕೆ?”

“ನಿಂತ ಗಾಡಿ ತುಕ್ಕು ಹಿಡ್ದದೆ. ಈ ಮಳೆಗಾಲ ಕಳೆದ್ರೆ ಯಾರಿಗೂ ಬೇಡ.”

“ಕೈಗೂ ತುಕ್ಕು ಹಿಡಿತಾ ಉಟ್ಟು. ಅದ್ನೂ ಮಾರಿಯಾ?”

ಪೊನ್ನಮ್ಮ ಒಳಗಿನಿಂದ, ಅಪ್ಪ ಹೇಳಿದ್ದರಲ್ಲಿ ತಪ್ಪೇನು, ಆ ಇಟಲಿ ಈ ಮನೆಗೆ ಬಂದ ಮೇಲೆ ಒಂದು ಭಾನುವಾರವಾದರೂ ನೀನು ನಮ್ಮ ಜೊತೆ ಕೂತು ಉಂಡದ್ದುಂಟಾ ಎಂದಳು. ಕುಶಾಲಪ್ಪನಿಗೆ ಬೈಕು ಕಣ್ಣೆದುರಿನಿಂದ ಹೋದರೆ ಸಾಕಿತ್ತು. ಅದು ಹೋದರೆ ಅಟ್ಟದ ಪೆಟ್ಟಿಗೆಗೆ ಅರ್ಥವಿರುವುದಿಲ್ಲ, ಪೆಟ್ಟಿಗೆಗೆ ಅರ್ಥವಿಲ್ಲದಿದ್ದರೆ ಅರವತ್ತೆಂಟು ಹೆಜ್ಜೆಗೂ ಇಲ್ಲ ಎಂದು ಅವನು ಲೆಕ್ಕ ಹಾಕಿದ್ದ.

*

ಹೊಸ ವರ್ಷದ ಬಿಸು ಹಬ್ಬದ ದಿನ ಎಲ್ಲರೂ ಮನೆಯಲ್ಲಿದ್ದರು. ಪೊನ್ನಮ್ಮ ಎಳೆ ಹಲಸಿನ ಗುಜ್ಜೆ ಪಲ್ಯ ಮಾಡಿ, ಪಾಯಸಕ್ಕೆ ಕಾಯಿ ತುರಿಯುತ್ತಿದ್ದಳು. ಶೆಡ್ಡಿನಲ್ಲಿ ಬೈಕಿನ ಸದ್ದು ಎದ್ದಿತು. ಉದಯ ವಾರಕ್ಕೊಮ್ಮೆ ಅದನ್ನು ಹತ್ತು ನಿಮಿಷ ನಿಂತಲ್ಲೇ ಓಡಿಸುತ್ತಿದ್ದ. ಸ್ವಿಚ್ಚು ಬಲಗೈಯ ಕಡೆಗಿತ್ತು. ಕುಶಾಲಪ್ಪ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದವನು ಒಂದು ವಾಸನೆಗೆ ತಲೆಯೆತ್ತಿದ. ಪೆಟ್ರೋಲಿನದಲ್ಲ. ಹಂದಿಯ ತೊಗಲು ಸುಡುವಾಗ ಬರುವಂಥದ್ದು.

ಉದಯ ಬೈಕಿನ ಪಕ್ಕದಲ್ಲಿ ಮಣೆ ಹಾಕಿಕೊಂಡು, ಕ್ಲಚ್ಚಿನ ಬಿಲ್ಲೆಗಳು ತಿರುಗುವುದನ್ನು ನೋಡುತ್ತ ಕೂತಿದ್ದ. ಎಡಗೈ ಹೊಗೆಕೊಳವೆಯ ಮೇಲೆ ಒರಗಿತ್ತು. ಕುಶಾಲಪ್ಪ ಓಡಿಹೋಗಿ ಕೈಯನ್ನು ಎಳೆದ. ಉದಯ ಮೊದಲು ಅಪ್ಪನನ್ನು ನೋಡಿದ, ಆಮೇಲೆ ಕೈಯನ್ನು. ಅಂಗೈಯ ಅಂಚು ಬೆಳ್ಳಗೆ ಮೇಲೆದ್ದಿತ್ತು.

“ಗೊತ್ತೇ ಆಗ್ಲಿಲ್ಲೆ,” ಎಂದ.

ದೀಕ್ಷಿತಾ ಮುಲಾಮು ಹಚ್ಚಿ ಬಟ್ಟೆ ಕಟ್ಟಿದಳು. ಊಟಕ್ಕೆ ಕೂತಾಗ ಪೊನ್ನಮ್ಮ, ನಾಳೆಯೇ ಆ ಲೋಹಿತನನ್ನು ಕರೆಯಿರಿ ಎಂದಳು. ಉದಯ ಪಾಯಸದ ಲೋಟ ಕೆಳಗಿಟ್ಟ.

“ಕೊಡುವಾ. ಆದ್ರೆ ಇಟಲಿಯಿಂದ ಒಂದು ಸಾಮಾನ್ ಬರಾಕು. ಕ್ಲಚ್ ಹಗುರ ಮಾಡುವಂಥದ್ದು. ಅದೂ ಸೇರಿಸಿ ಕೊಟ್ರೆ ತಕಂಡವಂಗೆ ಉಪಕಾರ ಆದೆ. ಎರಡು ತಿಂಗಳಾತ್, ಕಸ್ಟಮ್ಸ್‌ಲಿ ಸಿಕ್ಕಿ ಬಿದ್ದುಟ್ಟು ಕಾಣ್ತದೆ.” ಹೆಂಡತಿಯ ಕಡೆ ತಿರುಗಿ, “ನೀ ಒಮ್ಮೆ ಮೊಬೈಲಿಲಿ ನೋಡ್,” ಎಂದ.

ಕುಶಾಲಪ್ಪನ ತಟ್ಟೆಯಲ್ಲಿ ಅನ್ನ ಉಳಿದಿತ್ತು. ಅದನ್ನು ಪೂರ್ತಿ ಉಂಡು ಎದ್ದ.

*

ದೀಕ್ಷಿತಾ ನೋಡಿದ್ದು ಎರಡು ವಾರ ಬಿಟ್ಟು, ಏಪ್ರಿಲ್ ಇಪ್ಪತ್ತೆಂಟರ ಭಾನುವಾರ. ಮಧ್ಯಾಹ್ನ ಒಣಮೀನಿನ ಸಾರಿತ್ತು. ನಾಲ್ವರೂ ಅಡುಗೆಮನೆಯ ಮೇಜಿಗೆ ಕೂತಿದ್ದರು. ಅವಳು ಮೊಬೈಲನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟಳು.

“ಮಾವ, ಈ ಪಾರ್ಸಲ್ ಮುಟ್ಟಿದೆ ಅಂತ ತೋರಿಸ್ತದೆ.”

“ಎಲ್ಲಿಗೆ?” ಎಂದು ಕೇಳಿದ್ದು ಉದಯ.

“ಇಲ್ಲಿಗೇ. ಫೆಬ್ರವರಿ ಹತ್ತೊಂಬತ್ತು. ಹತ್ತೂ ನಲವತ್ತೆರಡು.” ಅವಳು ಪರದೆಯನ್ನು ಬೆರಳಿನಿಂದ ಹಿಗ್ಗಿಸಿದಳು. “ಕೆಳಗೆ ಮಾವನ ಸಹಿ ಉಂಟು.”

ಸಹಿ ಸೊಟ್ಟಗಿತ್ತು, ಆದರೆ ಓದಬಹುದಿತ್ತು. ಪೊನ್ನಮ್ಮ ಅದು ಯಾವ ದಿನವೆಂದು ಒಂದು ಕ್ಷಣ ಯೋಚಿಸಿ, ಸೌಟನ್ನು ಸಾರಿನ ಪಾತ್ರೆಯೊಳಗೇ ಬಿಟ್ಟಳು. ಫ್ಯಾನಿನ ಗಾಳಿಗೆ ಕ್ಯಾಲೆಂಡರಿನ ಹಾಳೆ ಪಟಪಟ ಅನ್ನುತ್ತಿತ್ತು.

“ನೀವು ಏಣಿ ಹಿಡ್ಕೊಂಡಿದ್ರಿ ಅಲ್ವಾ?” ಎಂದಳು ದೀಕ್ಷಿತಾ. ಅವಳ ದನಿ ಏರಿರಲಿಲ್ಲ. ಅಂಗಡಿಯಲ್ಲಿ ಮಾತ್ರೆಯ ಹೆಸರನ್ನು ಖಚಿತಪಡಿಸಿಕೊಳ್ಳುವ ಹಾಗೆ ಕೇಳಿದಳು.

ಕುಶಾಲಪ್ಪ ಮೀನಿನ ಮುಳ್ಳನ್ನು ತಟ್ಟೆಯ ಅಂಚಿಗೆ ಇಟ್ಟ.

“ಇಲ್ಲೆ. ಗೇಟಿಗೆ ಹೋಗಿದ್ದೆ.”

“ನಾನು ಕೇಳ್ದೆ. ಉಟ್ಟು ಹೇಳಿ ಹೇಳ್ದ ಅಲ್ಲ ನೀನು,” ಎಂದ ಉದಯ.

“ಹೇಳ್ದೆ. ನಡ್ಕಂಡ್ ಹೋಗ್ತಾ ಹೇಳ್ದೆ.”

ಯಾರೂ ಏಳಲಿಲ್ಲ. ಪೊನ್ನಮ್ಮ ಮಾತ್ರ ಬಹಳ ಮೆಲ್ಲಗೆ, ಅಷ್ಟು ಸಿಟ್ಟಿತ್ತಾ ಆ ಸಾಮಾನಿನ ಮೇಲೆ, ವಾಪಸು ಕಳಿಸಲು ಏಣಿ ಬಿಟ್ಟು ಓಡುವಷ್ಟು ಎಂದು ಕೇಳಿದಳು. ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಸಿಟ್ಟನ್ನು ಈ ಮನೆಯಲ್ಲಿ ಕ್ಷಮಿಸುತ್ತಿದ್ದರು.

“ಸಿಟ್ಟಿಲ್ಲೆ,” ಎಂದ ಕುಶಾಲಪ್ಪ. “ಎಂತ ಸಾಮಾನ್ ಬಾತ್ ಹೇಳಿ ನೋಡುವ ಆಸೆ ಆತ್. ಅವ ಇಳ್ದ್ ಬರುವವರೆಗೆ ತಡ್ಕಣಕ್ಕೆ ಆಗ್ಲಿಲ್ಲೆ.”

ಅಷ್ಟು ಹೇಳಿ ಅವನು ತನ್ನ ತಟ್ಟೆಯನ್ನು ತಾನೇ ತೊಳೆದಿಟ್ಟ. ಆ ಮನೆಯಲ್ಲಿ ಅವನು ತಟ್ಟೆ ತೊಳೆದದ್ದು ಅದೇ ಮೊದಲು.

ಬಳಿಕ ಹೆಚ್ಚುಕಡಿಮೆ ಒಂದು ತಿಂಗಳು ಪೊನ್ನಮ್ಮ ಗಂಡನೊಡನೆ ನೇರ ಮಾತಾಡಲಿಲ್ಲ. ಹಾಲು ಬಂದಿದೆ, ಗ್ಯಾಸು ಮುಗಿದಿದೆ ಎಂಬುದನ್ನೆಲ್ಲ ಅವನಿಗೆ ಕೇಳುವಂತೆ ಬೆಕ್ಕಿಗೆ ಹೇಳುತ್ತಿದ್ದಳು. ಬೆಕ್ಕು ಮಲಗಿದ್ದರೆ ಗ್ಯಾಸು ಮುಗಿದದ್ದು ಮರುದಿನವೇ ತಿಳಿಯುತ್ತಿತ್ತು. ದೀಕ್ಷಿತಾ ಮಾವನಿಗೆ ಬಿಪಿ ಮಾತ್ರೆ ಕೊಡುವುದನ್ನು ನಿಲ್ಲಿಸಲಿಲ್ಲ. ಕೈಗೆ ಕೊಡುವ ಬದಲು ರೇಡಿಯೋದ ಪಕ್ಕ ಇಡತೊಡಗಿದಳು. ಸುಬ್ಬ ಒಂದು ದಿನ ಕಾಫಿ ಗಿಡಗಳ ರೆಂಬೆ ಸವರುತ್ತಿದ್ದಾಗ, ನಾನು ಯಾರಿಗೂ ಹೇಳಲಿಲ್ಲ ಯಜಮಾನರೇ ಎಂದ. ಗೊತ್ತು ಎಂದ ಕುಶಾಲಪ್ಪ. ಅವನಿಗೆ ಸಂಕಟವಾಗಬೇಕಿತ್ತು. ಆದರೆ ಒಳಗೆ ತಡವಿ ನೋಡಿದರೆ ಏನೂ ಸಿಗುತ್ತಿರಲಿಲ್ಲ, ಮಗನ ಬೆರಳಿಗೆ ಸೂಜಿಯ ತುದಿ ತಾಗಿಸಿದ ಹಾಗೆ.

*

ಮೇ ಎಂಟರ ಬೆಳಿಗ್ಗೆ ಉದಯ ಅಪ್ಪನ ಕೋಣೆಯ ಬಾಗಿಲಲ್ಲಿ ನಿಂತು, ಆ ಪೆಟ್ಟಿಗೆ ಎಲ್ಲಿದೆ ಎಂದು ಕೇಳಿದ. ಕುಶಾಲಪ್ಪ ಅಟ್ಟ ಹತ್ತಿ ತಂದುಕೊಟ್ಟ. ಉದಯ ಒಂದೇ ಕೈಯಲ್ಲಿ ಅಂಟುಪಟ್ಟಿ ಕೀಳಲು ನೋಡಿ, ಆಗದೆ, ಅಪ್ಪನ ಮುಂದಕ್ಕೆ ಸರಿಸಿದ.

ಒಳಗೆ ನೀಲಿ ಕಾಗದದಲ್ಲಿ ಸುತ್ತಿದ ಒಂದು ಗುಂಡನೆಯ ಲೋಹದ ಸಿಲಿಂಡರ್ ಇತ್ತು, ಮುಷ್ಟಿಯಲ್ಲಿ ಹಿಡಿಯುವಷ್ಟು. ಚಿನ್ನದ ಬಣ್ಣ. ಲಿವರ್ ಒತ್ತಿದಾಗ ಎಣ್ಣೆ ಇದರೊಳಗಿನ ಪಿಸ್ಟನ್ನನ್ನು ನೂಕುತ್ತದೆ, ಪಿಸ್ಟನ್ ಕ್ಲಚ್ಚನ್ನು ಬಿಡಿಸುತ್ತದೆ. ಬೈಕಿನೊಡನೆ ಬಂದದ್ದು ಇಪ್ಪತ್ತಾರು ಮಿಲಿಮೀಟರಿನದು, ಇದು ಮೂವತ್ತರದು ಎಂದ ಉದಯ. ಕುಶಾಲಪ್ಪ ಮನಸ್ಸಿನಲ್ಲೇ ವರ್ಗ ಮಾಡಿದ: ಆರುನೂರ ಎಪ್ಪತ್ತಾರು, ಒಂಬೈನೂರು.

“ಕಾಲುಭಾಗ ಕಮ್ಮಿ ಆದೆ,” ಎಂದ.

“ಹ್ಞೂ. ಮೊದ್ಲು ಅದು ಬರೀ ಶೋಕಿಗೆ ಹೇಳಿ ತರ್ಸಿದ್ದು.”

ಕೂರಿಸಲು ಎರಡು ಭಾನುವಾರ ಹಿಡಿಯಿತು. ಉದಯ ಹೇಳಿದ, ಕುಶಾಲಪ್ಪನ ಕೈ ಮಾಡಿತು. ಮೂರು ಬೋಲ್ಟು ಬಿಚ್ಚಿ ಹಳೆಯದನ್ನು ತೆಗೆದರು. ಎಣ್ಣೆಯ ದಾರಿಯೊಳಗೆ ಸಿಕ್ಕಿದ ಗಾಳಿಯನ್ನು ಹೊರಡಿಸಲು ಒಬ್ಬ ಲಿವರ್ ಒತ್ತಬೇಕು, ಇನ್ನೊಬ್ಬ ತಿರುಪು ಸಡಿಲಿಸಿ ಬಿಗಿಯಬೇಕು. ಉದಯ ಮಣೆಯ ಮೇಲೆ ಕೂತು ಬಲಗೈಯಿಂದ ತಿರುಪು ತಿರುಗಿಸಿದ, ಲಿವರ್ ಅಪ್ಪನದು. ಹಿಡಿ, ಬಿಡು, ಹಿಡಿ ಎಂಬುದಲ್ಲದೆ ಬೇರೆ ಮಾತಿರಲಿಲ್ಲ. ಪಾರದರ್ಶಕ ನಳಿಕೆಯಲ್ಲಿ ಗುಳ್ಳೆಗಳು ಒಂದೊಂದಾಗಿ ಹೊರಬಂದವು. ಕೊನೆಯ ಗುಳ್ಳೆ ಬಂದ ಮೇಲೂ ಉದಯ ಇನ್ನೊಮ್ಮೆ, ಇನ್ನೊಮ್ಮೆ ಎಂದ. ಸಾಕು ಅನ್ನಿಸಿದರೂ ಇನ್ನೊಮ್ಮೆ ಮಾಡುವುದರಲ್ಲಿ ಒಂದು ಸುಖವಿತ್ತು. ಅದು ಇಬ್ಬರಿಗೂ ಮೊದಲಿನಿಂದ ಗೊತ್ತಿದ್ದ ಸುಖ.

ಕುಶಾಲಪ್ಪನ ಬಳಿ ನಿವೃತ್ತಿಯ ದಿನ ವಿಭಾಗದವರು ಕೊಟ್ಟ ಒಂದು ಸ್ಪ್ರಿಂಗ್ ತಕ್ಕಡಿ ಇತ್ತು, ಹತ್ತು ಕೆ.ಜಿ.ಯದು, ದುಂಡು ಮುಖದ್ದು. ಹಳೆಯ ಸಿಲಿಂಡರ್ ಬಿಚ್ಚುವ ಮೊದಲು ಅದರ ಕೊಕ್ಕೆಯನ್ನು ಲಿವರಿಗೆ ಸಿಕ್ಕಿಸಿ ಎಳೆದು ನೋಡಿದ್ದ: ಏಳು ಕೆ.ಜಿ. ಇನ್ನೂರು ಗ್ರಾಂ. ಈಗ ಎಳೆದ. ಐದು ಕೆ.ಜಿ. ನಾನೂರು. ಲೆಕ್ಕ ಕೂದಲಿನಷ್ಟೂ ತಪ್ಪಿರಲಿಲ್ಲ. ಕ್ಯಾಲೆಂಡರಿನಲ್ಲಿ ಮಳೆಯ ಅಂಕಿಯ ಪಕ್ಕ ಎರಡನ್ನೂ ಬರೆದ.

ಆ ಸಂಜೆಯೇ ಉದಯ ಯಾರಿಗೂ ಹೇಳದೆ ಲಿವರಿಗೆ ಎಡಗೈ ಹಾಕಿದ. ಬೆರಳುಗಳು ಮಡಚುವಷ್ಟು ಆಗಿದ್ದವು. ಅರ್ಧ ಎಳೆದಾಗ ಹಿಡಿತ ಜಾರಿ ಲಿವರ್ ಹಿಂದಕ್ಕೆ ಚಿಮ್ಮಿತು, ಕಿರುಬೆರಳು ಬುಡದಲ್ಲಿ ಸಿಕ್ಕಿತು. ಅವನಿಗೆ ತಿಳಿಯಲಿಲ್ಲ. ಊಟಕ್ಕೆ ಕೂತಾಗ ಉಗುರು ಕಪ್ಪಾಗಿದ್ದನ್ನು ದೀಕ್ಷಿತಾ ಕಂಡಳು.

“ಮೊದಲು ಸುಟ್ಕೊಂಡ್ರಿ, ಈಗ ಜಜ್ಜಿಕೊಂಡ್ರಿ. ಇನ್ನು ಕತ್ತರಿಸ್ಕೊಳ್ಳೋದು ಒಂದು ಬಾಕಿ,” ಎಂದಳು. “ನಂಗೂ ಗೊತ್ತು ಅದು ನಿಮಗೆ ಎಂತ ಅಂತ. ಆದ್ರೆ ಇದಕ್ಕೊಂದು ಕೊನೆ ಹೇಳಿ.”

ಆಗ ಉದಯ ಕೊನೆ ಹೇಳಿದ. ಜೂನ್ ಎರಡು, ಭಾನುವಾರ. ಆಮೇಲೆ ಮಳೆ ಹಿಡಿಯುತ್ತದೆ. ಶೆಡ್ಡಿನಲ್ಲಿ ನಾಲ್ಕು ತಿಂಗಳು ಬೂಷ್ಟು ಹಿಡಿದು ನಿಲ್ಲಲು ಕಟ್ಟಿದ ಗಾಡಿಯಲ್ಲ ಅದು. ಅಷ್ಟರೊಳಗೆ ಕೈಗೆ ಲಿವರಿನ ತೂಕ, ಐದು ಕೆ.ಜಿ. ನಾನೂರು, ಬಂದರೆ ಬೈಕು ಉಳಿಯುತ್ತದೆ. ಬಾರದಿದ್ದರೆ ಲೋಹಿತ್ ಕೊಂಡೊಯ್ಯಲಿ, ಓಡಿಸುವವನು ಓಡಿಸಲಿ. ಅಲ್ಲಿಯವರೆಗೆ ಲಿವರ್ ಮುಟ್ಟುವುದಿಲ್ಲ, ತಕ್ಕಡಿಯಲ್ಲೇ ನೋಡುವುದು. ದೀಕ್ಷಿತಾ ಒಪ್ಪಿದಳು. ಪೊನ್ನಮ್ಮ, ತಕ್ಕಡಿ ನೋಡುವವರು ಯಾರು ಎಂದು ಬೆಕ್ಕನ್ನು ಕೇಳಿದಳು.

“ಅಪ್ಪ,” ಎಂದ ಉದಯ.

ಕುಶಾಲಪ್ಪ ಶೆಡ್ಡಿನ ಕಂಬಕ್ಕೆ ಒಂದು ಹಿಡಿಕೆ ಬಡಿದ. ಅದರ ಮುಂದೆ, ಲಿವರಿನಷ್ಟೇ ಅಂತರದಲ್ಲಿ ಇನ್ನೊಂದು ಹಿಡಿಕೆ. ಅದನ್ನು ತಕ್ಕ‍ಡಿಯ ಕೊಕ್ಕೆಗೆ ಕಟ್ಟಿದ. ಅಂಗೈ ಒಂದಕ್ಕೆ ಒತ್ತಿ, ಬೆರಳಿನಿಂದ ಇನ್ನೊಂದನ್ನು ಎಳೆಯಬೇಕು. ಮುಳ್ಳು ಕಂಡರೆ ತಾನು ಭುಜದಿಂದ ಎಳೆದುಬಿಡುತ್ತೇನೆ, ಮುಖ ಆಚೆ ತಿರುಗಿಸಿ ಕಟ್ಟು ಎಂದ ಉದಯ. ಹಾಗಾಗಿ ಅಂಕಿ ಕಾಣುತ್ತಿದ್ದುದು ಕಂಬದ ಆಚೆ ನಿಂತವನಿಗೆ ಮಾತ್ರ. ತಾನೆಷ್ಟು ಎಳೆಯುತ್ತಿದ್ದೇನೆಂದು ಉದಯನಿಗೆ ಗೊತ್ತಾಗುವಂತಿರಲಿಲ್ಲ. ಆ ಬೆರಳುಗಳು ಅವನಿಗೆ ಏನನ್ನೂ ಹೇಳುತ್ತಿರಲಿಲ್ಲ.

ಮೇ ಇಪ್ಪತ್ತೊಂದಕ್ಕೆ ಎರಡು ಕೆ.ಜಿ. ನೂರು ಗ್ರಾಂ. ಇಪ್ಪತ್ತಾರಕ್ಕೆ ಮೂರು ಕೆ.ಜಿ. ಎಂಟುನೂರು. ಇಪ್ಪತ್ತೊಂಬತ್ತಕ್ಕೆ ನಾಲ್ಕು ಕೆ.ಜಿ. ಇನ್ನೂರು. ಪೊನ್ನಮ್ಮ ಮಗನಿಗೆ ದಿನಕ್ಕೊಂದರ ಬದಲು ಎರಡು ಮೊಟ್ಟೆ ಬೇಯಿಸತೊಡಗಿದಳು. ಇಟಲಿಯನ್ನು ಮಾರಿ ಎಂದಿದ್ದವಳೂ ಅವಳೇ. ಒಂದು ಸಂಜೆ ಗಂಡನ ತಟ್ಟೆಗೆ ಕಡುಬು ಹಾಕುತ್ತ, ಇಂದು ಎಷ್ಟಾಯಿತು ಎಂದು ನೇರ ಅವನನ್ನೇ ಕೇಳಿದಳು. ಕುಶಾಲಪ್ಪ ಹೇಳಿದ. ಅವಳು ಇನ್ನೊಂದು ಕಡುಬು ಹಾಕಿದಳು.

*

ಜೂನ್ ಎರಡರ ಮಧ್ಯಾಹ್ನ ಬ್ರಹ್ಮಗಿರಿಯ ಕಡೆ ಮೋಡ ಕಪ್ಪಾಗಿತ್ತು. ಬಿದ್ದು ನೂರನಾಲ್ಕನೇ ದಿನ. ಉದಯ ಬೈಕನ್ನು ತಾನೇ ಒರೆಸಿದ. ಸ್ವಲ್ಪ ಹೊತ್ತು ಎಂಜಿನ್ ಓಡಿಸಿ, ಗಲಗಲ ಸದ್ದನ್ನು ಕೇಳಿ, ನಿಲ್ಲಿಸಿದ. ದೀಕ್ಷಿತಾ ಹೊಗೆಕೊಳವೆಗೂ ಅವನಿಗೂ ನಡುವೆ ನಿಂತಿದ್ದಳು. ಪೊನ್ನಮ್ಮ ಅಕ್ಕಿ ಆರಿಸುವ ಮೊರ ಹಿಡಿದು ಶೆಡ್ಡಿನ ಬಾಗಿಲಲ್ಲಿ ಕೂತಳು. ಮೊರದಲ್ಲಿ ಕಲ್ಲಿರಲಿಲ್ಲ, ಬೆಳಿಗ್ಗೆಯೇ ಆರಿಸಿಯಾಗಿತ್ತು. ಕುಶಾಲಪ್ಪ ಕನ್ನಡಕ ಒರೆಸಿಕೊಂಡು ಕಂಬದ ಆಚೆ ಹೋದ. ಅಲ್ಲಿಂದ ಮಗನ ಮುಖ ಕಾಣುತ್ತಿರಲಿಲ್ಲ, ಹಿಡಿಕೆಗೆ ಸುತ್ತಿದ ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು. ಒಂದರ ಉಗುರು ಇನ್ನೂ ಕಪ್ಪಾಗಿತ್ತು.

ಉದಯ ಕೈ ಹಾಕುವಷ್ಟರಲ್ಲಿ ಗೇಟಿನಲ್ಲಿ ಹಾರನ್ ಆಯಿತು. ಲೋಹಿತನ ಪಿಕಪ್ಪು. ಎರಡನೇ ಸಲವೂ ಆಯಿತು, ಉದ್ದಕ್ಕೆ. ದೀಕ್ಷಿತಾ ಮಾವನ ಕಡೆ ನೋಡಿದಳು. ಕುಶಾಲಪ್ಪ ನಿಂತಲ್ಲೇ ಇದ್ದ.

“ಉಟ್ಟಾ?” ಎಂದು ಕಂಬದ ಈಚೆಯಿಂದ ಉದಯ ಕೇಳಿದ.

“ಉಟ್ಟು.”

ಬೆರಳುಗಳು ಬಿಗಿದವು. ಮುಳ್ಳು ಸೊನ್ನೆಯಿಂದ ಹೊರಟು ಎರಡನ್ನು ದಾಟಿತು, ಮೂರನ್ನು ದಾಟಿತು. ನಾಲ್ಕರ ಆಚೆ ನಡುಗುತ್ತ ಮೇಲೇರಿ ಒಂದು ಗೆರೆಯ ಹತ್ತಿರ ನಿಂತಿತು. ಉದಯನ ಉಸಿರು ಕೇಳುತ್ತಿತ್ತು. ಮುಳ್ಳು ಅಲ್ಲಿಂದ ಮುಂದೆ ಹೋಗಲಿಲ್ಲ. ಐದು ನಾನೂರು ಎಂದು ಹೇಳಿದ್ದರೆ ಅಲ್ಲಗಳೆಯುವವರು ಯಾರೂ ಇರಲಿಲ್ಲ, ಎಳೆದವನಿಗೂ ತಿಳಿಯುತ್ತಿರಲಿಲ್ಲ.

“ಎಷ್ಟು ಅಪ್ಪ?”

ಕುಶಾಲಪ್ಪ ಲ್ಯಾಬಿನಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದ ಹಾಗೆ ಕಣ್ಣನ್ನು ಮುಳ್ಳಿನ ಮಟ್ಟಕ್ಕೆ ಇಳಿಸಿ, ನೇರಕ್ಕೆ ನೋಡಿದ. ಇನ್ನೊಮ್ಮೆ ನೋಡಿದ.

“ನಾಲ್ಕು ಕೆ.ಜಿ. ಆರುನೂರು ಗ್ರಾಂ,” ಎಂದ.